ಅಂತರಗಂಗೆಯ ಎಲೆಯಿಂದ ಸತ್ವ ತೆಗೆದು ಪುಡಿ ಮಾಡಿಕೊಡುವ ಜಾಬ್‌ವರ್ಕ್ ಸೇವೆ: ಒಂದು ವಿಮರ್ಶೆ

ಕೆರೆಗಳನ್ನು ಮುಚ್ಚಿಕೊಂಡು ಬೆಳೆಯುವ ವಾಟರ್ ಹಯಾಸಿಂತ್ ಅನ್ನು ನಮ್ಮ ಕಡೆ ಅಂತರಗಂಗೆ ಎಂದೇ ಕರೆಯುತ್ತಾರೆ. ಅದರ ಎಲೆಯಲ್ಲಿರುವ ಉತ್ಕರ್ಷಣ ನಿರೋಧಕಗಳನ್ನು, ಅಂದರೆ ಆಂಟಿಆಕ್ಸಿಡೆಂಟ್‌ಗಳನ್ನು, ಬೇರ್ಪಡಿಸಿ ಪುಡಿ ರೂಪದಲ್ಲಿ ಕೊಡುವ ಸಣ್ಣ ಘಟಕವೊಂದರ ಸೇವೆಯನ್ನು ನಮ್ಮ ಕೆರೆ ಸಂಘ ಬಳಸಿಕೊಂಡಿತು. ಬೆಂಗಳೂರಿನ ಹೊರವಲಯದ ಕೈಗಾರಿಕಾ ಪ್ರದೇಶದಲ್ಲಿರುವ ಈ ಘಟಕ ತನ್ನದೇ ಆದ ಯಾವ ಉತ್ಪನ್ನವನ್ನೂ ಮಾರುವುದಿಲ್ಲ. ನಾವು ಕೊಟ್ಟ ಒಣ ಎಲೆಯನ್ನು ಸಂಸ್ಕರಿಸಿ, ಪರೀಕ್ಷಾ ವರದಿಯೊಡನೆ ನಮಗೇ ಹಿಂದಿರುಗಿಸುತ್ತದೆ. ಅವರೊಡನೆ ಒಂದೆರಡು ವಿಷಯ ಇನ್ನೂ ಚರ್ಚೆಯಲ್ಲಿರುವುದರಿಂದ ಘಟಕದ ಹೆಸರನ್ನು ಬರೆಯುತ್ತಿಲ್ಲ. ಆದರೆ ಇಂಥ ಕೆಲಸಕ್ಕೆ ಕೈಹಾಕಬೇಕೆಂದಿರುವ ಕೆರೆ ಸಂಘಗಳಿಗೂ, ಕಾಲೇಜುಗಳಿಗೂ, ಸಣ್ಣ ಉದ್ಯಮಿಗಳಿಗೂ ಯಾವುದೇ ಘಟಕವನ್ನು ಅಳೆಯಲು ಇಲ್ಲಿನ ಮಾತುಗಳು ನೆರವಾಗಬಹುದು.

ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಸತ್ವ ತೆಗೆಯುವ ಕೆಲಸವನ್ನು ಈ ಘಟಕ ಬಹಳ ಚೆನ್ನಾಗಿ ಮಾಡುತ್ತದೆ. ತೆಗೆದ ಸತ್ವವನ್ನು ಕಾಪಾಡುವ ಕೆಲಸವನ್ನು ಅರ್ಧ ಮಾತ್ರ ಚೆನ್ನಾಗಿ ಮಾಡುತ್ತದೆ. ಈ ಎರಡರಲ್ಲಿ ಕಷ್ಟದ್ದು ಎರಡನೆಯದೇ. ಉತ್ಕರ್ಷಣ ನಿರೋಧಕ ಎಂದರೆ ಬೇರೆ ವಸ್ತುವಿಗಿಂತ ಮೊದಲು ತಾನೇ ಆಮ್ಲಜನಕದೊಡನೆ ವರ್ತಿಸಿ, ಆ ಮೂಲಕ ಬೇರೆಯದನ್ನು ಉಳಿಸುವ ವಸ್ತು. ಆ ಗುಣವೇ ಅದನ್ನು ಡಬ್ಬಿಯೊಳಗೆ ಉಳಿಯಗೊಡುವುದಿಲ್ಲ. ಗಾಳಿ, ಬೆಳಕು, ತೇವ, ಶಾಖ, ಕಬ್ಬಿಣದ ಒಂದಿಷ್ಟು ಅಂಶ, ಇವುಗಳಲ್ಲಿ ಯಾವುದು ಸಿಕ್ಕರೂ ಅದು ತನ್ನನ್ನು ತಾನೇ ಖರ್ಚು ಮಾಡಿಕೊಳ್ಳುತ್ತದೆ. ಹಾಗಾಗಿ ಇಂಥ ಸೇವೆಯನ್ನು ಪುಡಿ ಕೈಗೆ ಬಂದ ದಿನದ ಅಂಕಿಯಿಂದ ಅಳೆಯುವುದು ಸರಿಯಲ್ಲ. ಒಂದು ಮಳೆಗಾಲ ಕಳೆದ ಮೇಲೆ ಆ ಪುಡಿಯಲ್ಲಿ ಏನು ಉಳಿದಿದೆ ಎಂಬುದರಿಂದ ಅಳೆಯಬೇಕು.

ಅಂತರಗಂಗೆಯ ತವರು ದಕ್ಷಿಣ ಅಮೆರಿಕದ ಅಮೆಜಾನ್ ಜಲಾನಯನ ಪ್ರದೇಶ. ಅದರ ನೀಲಿ ನೇರಳೆ ಹೂವಿನ ಚಂದಕ್ಕೆ ಮನಸೋತವರು ಅದನ್ನು ದೇಶದಿಂದ ದೇಶಕ್ಕೆ ಒಯ್ದರು. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಅದು ಬಂಗಾಳದ ನೀರಿಗೂ ಬಂತು. ಅಲ್ಲಿ ಅದು ಎಷ್ಟು ಕಾಟ ಕೊಟ್ಟಿತೆಂದರೆ 1936ರಲ್ಲಿ ಅದನ್ನು ತೊಡೆದುಹಾಕಲೆಂದೇ ಪ್ರತ್ಯೇಕ ಕಾಯ್ದೆ ಮಾಡಬೇಕಾಯಿತು. ನಮ್ಮಲ್ಲಿ 1980ರ ದಶಕದಲ್ಲಿ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಈ ಕಳೆಯನ್ನು ಮಾತ್ರ ತಿಂದು ಬದುಕುವ ನಿಯೋಕೆಟಿನಾ ಎಂಬ ಮೂತಿಹುಳುಗಳನ್ನು ಬೆಂಗಳೂರಿನ ಕೆರೆಗಳಿಗೆ ಬಿಟ್ಟು ಒಳ್ಳೆಯ ಫಲ ಕಂಡಿದ್ದರು. ಆದರೆ ಊರಿನ ಚರಂಡಿ ನೀರು ಕೆರೆಗೆ ಹರಿಯುತ್ತಿರುವಷ್ಟು ದಿನ ಸಾರಜನಕ, ರಂಜಕಗಳ ಊಟ ಅದಕ್ಕೆ ತಪ್ಪುವುದಿಲ್ಲ. ಅನುಕೂಲವಾದ ಬಿಸಿಲು, ನೀರು ಸಿಕ್ಕರೆ ಎರಡು ವಾರದೊಳಗೆ ಇಮ್ಮಡಿಯಾಗುವ ಗಿಡ ಇದು. ಪ್ರತಿ ವರ್ಷ ಕೆರೆಯಿಂದ ಎಳೆದು ದಡಕ್ಕೆ ಹಾಕುವ ರಾಶಿ ಅಲ್ಲೇ ಕೊಳೆಯುವುದನ್ನು ನೋಡಿದವರಿಗೆ, ಇದರಿಂದ ಏನಾದರೂ ಹುಟ್ಟಬಾರದೇ, ಎತ್ತುವ ಕೂಲಿಯ ಒಂದು ಪಾಲಾದರೂ ಅದರಿಂದಲೇ ಬರಬಾರದೇ ಎಂದು ಅನ್ನಿಸುವುದು ಸಹಜ. ನಮಗೂ ಹಾಗೆಯೇ ಅನ್ನಿಸಿತು. ಮುಲಾಮು, ಕ್ರೀಮುಗಳನ್ನು ತಯಾರಿಸುವ ಪರಿಚಯದವರೊಬ್ಬರು, ಎಣ್ಣೆ ಕಮಟಾಗದಂತೆ ಬೆರೆಸುವ ಕೃತಕ ರಾಸಾಯನಿಕ ಬಿಎಚ್‌ಟಿಯ ಬದಲು ಸಸ್ಯಜನ್ಯ ಸತ್ವವೊಂದನ್ನು ಬಳಸಿ ನೋಡಬೇಕೆಂದಿದ್ದರು. ಅಲ್ಲಿಂದ ಈ ಪ್ರಯತ್ನ ಆರಂಭವಾಯಿತು.

ಘಟಕದವರೊಡನೆ ನಡೆದ ಮೊದಲ ಮಾತುಕತೆಯಲ್ಲೇ ನನಗೆ ಅವರ ಮೇಲೆ ಗೌರವ ಬಂತು. ನಮ್ಮ ಊರಿನ ಮಹಿಳಾ ಸಂಘ ತೆಂಗಿನೆಣ್ಣೆ, ಹೊಂಗೆ ಎಣ್ಣೆಗಳ ಸಾಬೂನು ಮಾಡುತ್ತದೆ. ಕಮಟು ಹಿಡಿಯದಂತೆ ಅದಕ್ಕೂ ಈ ಪುಡಿ ಸೇರಿಸಬಹುದೇ ಎಂದು ಕೇಳಿದೆವು. ಸಾಬೂನಿನ ಕ್ಷಾರದಲ್ಲಿ ಈ ಎಲೆಯ ಉತ್ಕರ್ಷಣ ನಿರೋಧಕಗಳಾದ ಪಾಲಿಫಿನಾಲ್‌ಗಳು ಉಳಿಯುವುದಿಲ್ಲ, ಕಂದು ಬಣ್ಣಕ್ಕೆ ತಿರುಗಿ ಕೆಟ್ಟುಹೋಗುತ್ತವೆ, ದುಡ್ಡು ಹಾಳಾಗುತ್ತದೆ ಎಂದು ಘಟಕದ ಮುಖ್ಯಸ್ಥರು ಸ್ಪಷ್ಟವಾಗಿ ಹೇಳಿದರು. ಈ ಸತ್ವ ನೀರು ಮತ್ತು ಮದ್ಯಸಾರದ ಮಿಶ್ರಣದಲ್ಲಿ ಕರಗುತ್ತದೆಯೇ ಹೊರತು ಬರೀ ಎಣ್ಣೆಯಲ್ಲಿ ಸರಿಯಾಗಿ ಕರಗುವುದಿಲ್ಲ, ನೀರಿನಂಶ ಇರುವ ಕ್ರೀಮಿಗೆ ಮಾತ್ರ ಪ್ರಯತ್ನಿಸಿ ಎಂದೂ ತಿಳಿಸಿದರು. ಬಂದ ಗಿರಾಕಿಗೆ ಆಗದು ಎಂದು ಹೇಳುವ ಧೈರ್ಯ ಇರುವ ಸೇವಾದಾರರು ನಮ್ಮಲ್ಲಿ ಕಡಿಮೆ. ತಿನ್ನುವ ಪದಾರ್ಥಕ್ಕೆ ಬಳಸುವ ಮಾತನ್ನು ಅವರು ಎತ್ತಲೂ ಬಿಡಲಿಲ್ಲ. ನನ್ನ ಅಭಿಪ್ರಾಯವೂ ಅದೇ.

ಅದಕ್ಕೆ ಕಾರಣವಿದೆ. ಅಂತರಗಂಗೆ ನೀರಿನಲ್ಲಿರುವ ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ, ಪಾದರಸ, ಆರ್ಸೆನಿಕ್‌ಗಳನ್ನು ಹೀರಿ ತನ್ನೊಳಗೆ ಕೂಡಿಹಾಕಿಕೊಳ್ಳುತ್ತದೆ. ಕೊಳಕು ನೀರನ್ನು ಶುದ್ಧಮಾಡಲು ಅದನ್ನು ಬೆಳೆಸಿ ನೋಡಿದವರಿದ್ದಾರೆ ಎಂದರೆ ಅದು ಈ ಗುಣದಿಂದಲೇ. ಲೋಹದ ಹೆಚ್ಚಿನ ಪಾಲು ಬೇರಿನಲ್ಲಿರುತ್ತದೆ, ಎಲೆಯಲ್ಲಿ ಕಡಿಮೆ. ಕಡಿಮೆ ಎಂದರೆ ಇಲ್ಲ ಎಂದಲ್ಲ. ಆದ್ದರಿಂದ ಘಟಕ ಎಲೆಯನ್ನು ಮಾತ್ರ ಸ್ವೀಕರಿಸುತ್ತದೆ. ಬೇರಾಗಲಿ, ಗಾಳಿ ತುಂಬಿದ ಉಬ್ಬು ದಂಟಾಗಲಿ ಒಂದಿಷ್ಟು ಸೇರಿದ್ದರೂ ಮೂಟೆಯನ್ನೇ ಹಿಂದಕ್ಕೆ ಕಳಿಸುತ್ತದೆ. ಎಲೆಯ ಮಾದರಿಯನ್ನು, ಲೋಹಗಳ ಅತ್ಯಲ್ಪ ಪ್ರಮಾಣವನ್ನೂ ಅಳೆಯುವ ಐಸಿಪಿ-ಎಂಎಸ್ ಯಂತ್ರದಲ್ಲಿ ಪರೀಕ್ಷಿಸಿದ ವರದಿ ಮೊದಲು ಬರಬೇಕು. ಆಯುರ್ವೇದದ ಗಿಡಮೂಲಿಕೆಗಳಿಗೆ ಇರುವ ಮಿತಿಗಳನ್ನು, ಅಂದರೆ ಸೀಸಕ್ಕೆ 10 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 10 ಭಾಗ), ಆರ್ಸೆನಿಕ್‌ಗೆ 3, ಪಾದರಸಕ್ಕೆ 1, ಕ್ಯಾಡ್ಮಿಯಂಗೆ 0.3 ಎಂಬುದನ್ನು, ಅವರು ತಮ್ಮ ಅಳತೆಗೋಲಾಗಿ ಇಟ್ಟುಕೊಂಡಿದ್ದಾರೆ. ಬೆಳ್ಳಂದೂರು, ವರ್ತೂರಿನಂಥ, ದಶಕಗಳ ಕಾಲ ನಗರದ ಕೊಳಚೆಯನ್ನೂ ಕಾರ್ಖಾನೆಗಳ ನೀರನ್ನೂ ಕುಡಿದ ಕೆರೆಗಳ ಎಲೆಯನ್ನು ಯಾವ ವರದಿ ತಂದರೂ ಮುಟ್ಟುವುದಿಲ್ಲ ಎಂದರು. ಸುತ್ತ ಗದ್ದೆಗಳೇ ಇರುವ ನಮ್ಮ ಹಳ್ಳಿಯ ಕೆರೆಯ ಎಲೆ ಈ ಹಂತವನ್ನು ದಾಟಿತು.

ಇಲ್ಲಿಯೇ ನನ್ನ ಮೊದಲ ಆಕ್ಷೇಪವೂ ಇದೆ. ಪರೀಕ್ಷೆ ಎಲೆಗೆ ಮಾತ್ರ ನಡೆಯುತ್ತದೆ, ಕೊನೆಯ ಪುಡಿಗೆ ನಡೆಯುವುದಿಲ್ಲ. ಸತ್ವ ತೆಗೆಯುವುದೆಂದರೆ ಸಾಂದ್ರಗೊಳಿಸುವುದು. ಹತ್ತು ಕಿಲೋ ಎಲೆಯಲ್ಲಿ ಹರಡಿಕೊಂಡಿದ್ದುದು ಒಂದು ಕಿಲೋ ಪುಡಿಗೆ ಇಳಿದಾಗ, ದ್ರಾವಕದೊಡನೆ ಲೋಹವೂ ಸ್ವಲ್ಪ ಹೊರಬಂದಿದ್ದರೆ ಅದರ ಸಾಂದ್ರತೆಯೂ ಏರಿರುತ್ತದೆ. ಎಲೆ ಮಿತಿಯೊಳಗಿದ್ದ ಮಾತ್ರಕ್ಕೆ ಪುಡಿಯೂ ಮಿತಿಯೊಳಗಿದೆ ಎನ್ನಲಾಗದು. ನಾವು ಕೇಳಿ, ಬೇರೆ ಪ್ರಯೋಗಾಲಯಕ್ಕೆ ಶುಲ್ಕ ಕಟ್ಟಿ ಪುಡಿಯನ್ನೂ ಪರೀಕ್ಷಿಸಿಕೊಂಡೆವು. ಇದು ಗಿರಾಕಿ ಕೇಳಿ ಮಾಡಿಸಿಕೊಳ್ಳಬೇಕಾದ ಕೆಲಸವಲ್ಲ. ಸೇವೆಯ ಭಾಗವಾಗಿಯೇ ಇರಬೇಕು.

ಒಣಗಿಸುವ ಹೊಣೆ ಗಿರಾಕಿಯದು. ಹಸಿ ಗಿಡದಲ್ಲಿ ನೂರಕ್ಕೆ ತೊಂಬತ್ತೈದರಷ್ಟು ನೀರೇ ಇರುವುದರಿಂದ ಅದನ್ನು ಲಾರಿಯಲ್ಲಿ ಬೆಂಗಳೂರಿಗೆ ಒಯ್ಯುವುದೆಂದರೆ ನೀರಿಗೆ ಬಾಡಿಗೆ ಕೊಟ್ಟಂತೆ. ಘಟಕದವರು ಇದಕ್ಕೆಂದು ಕನ್ನಡದಲ್ಲೇ ಮುದ್ರಿಸಿದ ಎರಡು ಪುಟದ ಸೂಚನೆ ಕೊಟ್ಟರು. ಇಡೀ ಸೇವೆಯಲ್ಲಿ ನನಗೆ ಅತ್ಯಂತ ಉಪಯುಕ್ತವೆನಿಸಿದ ವಸ್ತು ಅದು. ಎಲೆಯನ್ನು ಕತ್ತರಿಸಿದ ಕೂಡಲೇ ಅದರ ಜೀವಕೋಶಗಳು ಒಡೆದು, ಪಾಲಿಫಿನಾಲ್ ಆಕ್ಸಿಡೇಸ್ ಎಂಬ ಕಿಣ್ವ ಪಾಲಿಫಿನಾಲ್‌ಗಳ ಜೊತೆ ಬೆರೆಯುತ್ತದೆ. ಹೆಚ್ಚಿದ ಬದನೆಕಾಯಿಯನ್ನು ನೀರಿಗೆ ಹಾಕದೆ ಬಿಟ್ಟರೆ ಕಪ್ಪಾಗುವಂತೆ ಎಲೆಯೂ ಅಂಚಿನಿಂದ ಕಂದಾಗುತ್ತಾ ಬರುತ್ತದೆ. ನಾವು ಬಯಸಿದ ಸತ್ವವೇ ಹಾಗೆ ಸುಟ್ಟುಹೋಗುವುದು. ಆದ್ದರಿಂದ ಕೆರೆಯಿಂದ ತೆಗೆದ ಎಲೆಯನ್ನು ಇಡಿಯಾಗಿಯೇ ಕುಡಿಯುವ ನೀರಿನಲ್ಲಿ ಮೂರು ಸಲ ತೊಳೆದು, ಇಡ್ಲಿ ಪಾತ್ರೆಯಂಥ ಹಬೆಯ ಪಾತ್ರೆಯಲ್ಲಿ ಒಂದೆರಡು ನಿಮಿಷ ಹಬೆಗೆ ಹಿಡಿದು, ಆಮೇಲೆ ನೆರಳಿನಲ್ಲಿ ತೆಳ್ಳಗೆ ಹರಡಿ, 45 ಡಿಗ್ರಿ ಸೆಲ್ಸಿಯಸ್ ಮೀರದಂತೆ ಒಣಗಿಸಬೇಕು. ಕುದಿಯುವ ನೀರಿಗೆ ಅದ್ದಿದರೆ ಕಿಣ್ವವೇನೋ ಸಾಯುತ್ತದೆ, ಆದರೆ ನೀರಿನಲ್ಲಿ ಕರಗುವ ಸತ್ವವೂ ಆ ನೀರಿಗೇ ಹೋಗುತ್ತದೆ, ಹಬೆಯೇ ಬೇಕು. ಈ ಸೂಚನೆಯಂತೆ ಒಣಗಿಸಿದ ಎಲೆ ಹಿಡಿದರೆ ಗರಗರ ಪುಡಿಯಾಗುವಂತಿದ್ದು ಹಸಿರಾಗಿಯೇ ಉಳಿಯಿತು. ಹಬೆಗೆ ಹಿಡಿಯದೆ ಬಿಸಿಲಿಗೆ ಹಾಕಿದ ಒಂದು ಸಣ್ಣ ಪಾಲು ಹುಲ್ಲಿನ ಬಣ್ಣಕ್ಕೆ ತಿರುಗಿತು, ಅದರ ಸತ್ವದ ಅಂಕಿಯೂ ಎದ್ದು ಕಾಣುವಷ್ಟು ಕಡಿಮೆ ಬಂತು.

ಸತ್ವ ತೆಗೆಯುವುದನ್ನು ನೋಡಲು ಗಿರಾಕಿಗಳಿಗೆ ಅವಕಾಶವಿದೆ. ಒಣ ಎಲೆಯನ್ನು ಪುಡಿ ಮಾಡಿ, ಜರಡಿ ಹಿಡಿದು, ಎಥನಾಲ್ (ಮದ್ಯಸಾರ) ಮತ್ತು ನೀರಿನ ಮಿಶ್ರಣಕ್ಕೆ ಹಾಕುತ್ತಾರೆ. ಪೂರ್ತಿ ಎಥನಾಲ್ ಬಳಸಿದರೆ ಎಲೆಯ ಹಸಿರು ಬಣ್ಣವಾದ ಹರಿತ್ತು, ಮೇಣಗಳೇ ಹೆಚ್ಚು ಬರುತ್ತವೆ. ಬರೀ ನೀರು ಬಳಸಿದರೆ ಸಕ್ಕರೆ, ಲೋಳೆ, ಲವಣಗಳು ಬರುತ್ತವೆ, ಮೇಲಾಗಿ ಅದು ಬೇಗ ಹುಳಿಯುತ್ತದೆ. ನೂರಕ್ಕೆ ಅರವತ್ತು ಎಪ್ಪತ್ತರಷ್ಟು ಎಥನಾಲ್ ಇದ್ದಾಗ ಕ್ವೆರ್ಸೆಟಿನ್, ಲೂಟಿಯೋಲಿನ್‌ಗಳಂಥ ಫ್ಲೇವನಾಯ್ಡ್‌ಗಳೂ, ಗ್ಯಾಲಿಕ್, ಕ್ಲೋರೋಜೆನಿಕ್‌ನಂಥ ಆಮ್ಲಗಳೂ ಚೆನ್ನಾಗಿ ಇಳಿಯುತ್ತವೆ. ಮಿಥನಾಲ್ ಇನ್ನೂ ಚುರುಕು ಎಂಬುದು ಪ್ರಯೋಗಾಲಯಗಳ ಅನುಭವ, ಆದರೆ ಅದು ವಿಷ. ಚರ್ಮಕ್ಕೆ ಹಚ್ಚುವ ವಸ್ತುವಿಗೆ ಅದನ್ನು ಬಳಸುವುದಿಲ್ಲ ಎಂಬ ಘಟಕದ ನಿಯಮ ಮೆಚ್ಚತಕ್ಕದ್ದು. ಎಥನಾಲ್ ಇಡಲು ಅಬಕಾರಿ ಇಲಾಖೆಯ ಪರವಾನಗಿ ಬೇಕು, ಅದು ಅವರಲ್ಲಿದೆ. ನಮ್ಮಂಥ ಸಂಘ ಸ್ವತಃ ಈ ಕೆಲಸ ಮಾಡಲಾಗದಿರುವುದಕ್ಕೆ ದೊಡ್ಡ ಕಾರಣ ಈ ಪರವಾನಗಿಯೇ.

ಮಿಶ್ರಣವನ್ನು ಅಲ್ಟ್ರಾಸೌಂಡ್ ತೊಟ್ಟಿಯಲ್ಲಿಡುತ್ತಾರೆ. ಕಿವಿಗೆ ಕೇಳದಷ್ಟು ಹೆಚ್ಚಿನ, ಅಂದರೆ 20 ಕಿಲೋಹರ್ಟ್ಸ್‌ಗೂ ಮೇಲಿನ, ಕಂಪನಗಳು ದ್ರವದಲ್ಲಿ ಸೂಕ್ಷ್ಮ ಗುಳ್ಳೆಗಳನ್ನು ಎಬ್ಬಿಸಿ ಒಡೆಯುತ್ತವೆ. ಆ ಒಡೆತ ಎಲೆಯ ಕೋಶಭಿತ್ತಿಯನ್ನು ಸೀಳಿ ಒಳಗಿನದನ್ನು ಹೊರಕ್ಕೆ ತರುತ್ತದೆ. ಬರೀ ನೆನೆಹಾಕಿದರೆ ಒಂದು ಹಗಲು ಒಂದು ರಾತ್ರಿ ಬೇಕಾಗುವುದು ಇಲ್ಲಿ ಅರ್ಧ ಗಂಟೆಯಲ್ಲಿ ಆಗುತ್ತದೆ. ಹೆಚ್ಚು ಹೊತ್ತು ಬಿಟ್ಟರೆ ಒಳ್ಳೆಯದು ಎಂದುಕೊಳ್ಳುವಂತಿಲ್ಲ. ದ್ರವ ಬಿಸಿಯಾಗುವುದಲ್ಲದೆ ನೀರಿನಿಂದಲೇ ಹುಟ್ಟುವ, ಏನು ಸಿಕ್ಕರೂ ಅದರೊಡನೆ ವರ್ತಿಸುವ ಹೈಡ್ರಾಕ್ಸಿಲ್ ರ‍್ಯಾಡಿಕಲ್‌ಗಳು ನಮ್ಮ ಸತ್ವವನ್ನೇ ತಿನ್ನತೊಡಗುತ್ತವೆ. ಇದನ್ನು ನಡೆಸುವ ತಂತ್ರಜ್ಞೆ ತೊಟ್ಟಿಗೆ ಮಂಜುಗಡ್ಡೆ ಸೇರಿಸುತ್ತಾ, ಥರ್ಮಾಮೀಟರಿನಿಂದ ಕಣ್ಣು ತೆಗೆಯದೆ ನಿಂತಿದ್ದರು. ಸೋಸಿದ ದ್ರವ ಕಡು ಹಸಿರು. ಅದನ್ನು ರೋಟರಿ ಇವ್ಯಾಪೊರೇಟರಿನ ಗುಂಡು ಫ್ಲಾಸ್ಕಿಗೆ ಹಾಕಿ, ನಿರ್ವಾತದಲ್ಲಿ 40 ಡಿಗ್ರಿಯ ಆಸುಪಾಸಿನಲ್ಲೇ ಎಥನಾಲ್ ಆವಿಯಾಗಿಸಿ, ಆ ಎಥನಾಲನ್ನು ಮತ್ತೆ ಬಳಕೆಗೆ ಹಿಡಿದಿಡುತ್ತಾರೆ. ಎಥನಾಲ್ ಹೋದಂತೆ ನೀರಿನಲ್ಲಿ ಕರಗದ ಹರಿತ್ತು ಅಂಟಂಟಾದ ಹಸಿರು ಗಸಿಯಾಗಿ ಫ್ಲಾಸ್ಕಿನ ಗೋಡೆಗೆ ಹತ್ತಿಕೊಳ್ಳುತ್ತದೆ. ದ್ರವವನ್ನು ತಣ್ಣಗಿಟ್ಟು ಮತ್ತೊಮ್ಮೆ ಸೋಸಿದಾಗ ಉಳಿಯುವುದು ಚಹಾದ ಬಣ್ಣದ ತಿಳಿ. ಇದನ್ನು ಅವರು ಕಡ್ಡಾಯವಾಗಿ ಮಾಡುತ್ತಾರೆ. ಹರಿತ್ತು ಬೆಳಕು ಬಿದ್ದಾಗ ಎಣ್ಣೆಯ ಉತ್ಕರ್ಷಣವನ್ನು ತಡೆಯುವುದಿಲ್ಲ, ಅದನ್ನು ಇನ್ನೂ ಚುರುಕುಗೊಳಿಸುತ್ತದೆ. ಕ್ರೀಮಿಗೆ ಹಸಿರು ಸತ್ವವನ್ನು ಹಾಕಿ ಅದು ಬೇಗ ಕಮಟಾದಾಗ ಗಿಡವನ್ನು ದೂರುವವರು ಈ ಹಂತವನ್ನು ಬಿಟ್ಟಿರುವ ಸಾಧ್ಯತೆ ಹೆಚ್ಚು.

ಹೂವಿನ ಸತ್ವವನ್ನೂ ತೆಗೆದುಕೊಡುತ್ತಾರೆ. ಆ ನೀಲಿ ನೇರಳೆ ಬಣ್ಣ ಡೆಲ್ಫಿನಿಡಿನ್ ಮೂಲದ ಆಂಥೋಸಯನಿನ್‌ನದು, ಅದಕ್ಕೆ ಹುಳಿಯಾದ ದ್ರಾವಕ ಬೇಕು, ಬೆಳಕಿನಲ್ಲಿ ಬೇಗ ಮಾಸುತ್ತದೆ. ನಾವು ಅದರ ಗೊಡವೆಗೆ ಹೋಗಲಿಲ್ಲ.

ಇನ್ನು ಒಣಗಿಸಿ ಕಾಪಾಡುವ ಭಾಗ. ಘಟಕದಲ್ಲಿ ಎರಡು ದಾರಿಗಳಿವೆ. ಒಂದು ಫ್ರೀಜ್ ಡ್ರೈಯಿಂಗ್: ಸತ್ವವನ್ನು ಮೈನಸ್ 40 ಡಿಗ್ರಿಯವರೆಗೆ ಹೆಪ್ಪುಗಟ್ಟಿಸಿ, ಆಳವಾದ ನಿರ್ವಾತದಲ್ಲಿ ಮಂಜುಗಡ್ಡೆಯನ್ನು ನೀರಾಗಿಸದೆ ನೇರವಾಗಿ ಆವಿಯಾಗಿಸುವುದು. ಹೆಚ್ಚಿನ ಶಾಖ ತಗಲುವುದಿಲ್ಲವಾದ್ದರಿಂದ ಪಾಲಿಫಿನಾಲ್‌ಗಳ ನಷ್ಟ ಬಹಳ ಕಡಿಮೆ. ಇನ್ನೊಂದು ಸ್ಪ್ರೇ ಡ್ರೈಯಿಂಗ್: ಸತ್ವಕ್ಕೆ ಮಾಲ್ಟೋಡೆಕ್ಸ್ಟ್ರಿನ್ ಎಂಬ ಪಿಷ್ಟಜನ್ಯ ಪುಡಿಯನ್ನು ಬೆರೆಸಿ, 150ರಿಂದ 180 ಡಿಗ್ರಿಯ ಬಿಸಿ ಗಾಳಿಯೊಳಕ್ಕೆ ತುಂತುರಾಗಿ ಸಿಂಪಡಿಸುವುದು. ಅಂಕಿ ಕೇಳಿದರೆ ಗಾಬರಿಯಾಗುತ್ತದೆ. ಆದರೆ ಹನಿಯಲ್ಲಿರುವ ನೀರು ಆವಿಯಾಗುತ್ತಾ ಹನಿಯನ್ನು ತಂಪಾಗಿಡುವುದರಿಂದ ಸತ್ವಕ್ಕೆ ಅಷ್ಟು ಶಾಖ ತಗಲುವುದಿಲ್ಲ, ಪುಡಿ ಹೊರಬರುವ ಕಡೆ ಗಾಳಿ 80, 90 ಡಿಗ್ರಿಗೆ ಇಳಿದಿರುತ್ತದೆ, ಎಲ್ಲವೂ ಕೆಲವೇ ಕ್ಷಣಗಳಲ್ಲಿ ಮುಗಿಯುತ್ತದೆ.

ಫ್ರೀಜ್ ಡ್ರೈಯಿಂಗ್‌ನ ಶುಲ್ಕ ಹಲವು ಪಟ್ಟು ಹೆಚ್ಚು. ಘಟಕದ ಪ್ರಚಾರ ಪತ್ರಿಕೆಯೂ ಅದನ್ನೇ ಶ್ರೇಷ್ಠ ಎಂದು ಮುಂದಿಡುತ್ತದೆ. ಹೋಲಿಸಿ ನೋಡಲು ಒಂದೇ ಎಲೆಯ ಸತ್ವವನ್ನು ನಾವು ಎರಡೂ ರೀತಿಯಲ್ಲಿ ಮಾಡಿಸಿದೆವು. ಪುಡಿ ಕೈಗೆ ಬಂದ ದಿನ ಫ್ರೀಜ್ ಡ್ರೈ ಪುಡಿಯೇ ಸ್ಪಷ್ಟವಾಗಿ ಮೇಲು. ಗಾಢ ಕಂದು ಬಣ್ಣ, ಒಣ ಚಹಾದ ಘಮ, ಗ್ರಾಂ ಒಂದಕ್ಕೆ ಹೆಚ್ಚು ಸತ್ವ. ಸ್ಪ್ರೇ ಡ್ರೈ ಪುಡಿ ಮಾಸಲು ಹಳದಿಯಾಗಿ, ಹಿಟ್ಟಿನಂತೆ ನಯವಾಗಿತ್ತು. ಅರ್ಧಕ್ಕರ್ಧ ಮಾಲ್ಟೋಡೆಕ್ಸ್ಟ್ರಿನ್ನೇ ಇರುವಾಗ ಗ್ರಾಂ ಲೆಕ್ಕದಲ್ಲಿ ಅದು ಸೋಲಲೇಬೇಕು. ಎರಡನ್ನೂ ಅವರು ಕೊಟ್ಟ ಚೀಲಗಳಲ್ಲೇ, ಸಂಘದ ಕಚೇರಿಯ ಮರದ ಬೀರುವಿನಲ್ಲಿ ಇಟ್ಟೆವು, ಕ್ರೀಮು ತಯಾರಿಸುವವರಿಗೆ ಬೇಕಾದಾಗ ತೆಗೆದು ಕೊಡುತ್ತಿದ್ದೆವು.

ಮಳೆಗಾಲ ಮುಗಿಯುವ ಹೊತ್ತಿಗೆ ಚಿತ್ರ ತಿರುಗಿತ್ತು. ಫ್ರೀಜ್ ಡ್ರೈ ಪುಡಿಯ ಚೀಲ ತೆರೆದರೆ ಪುಡಿಯೇ ಇಲ್ಲ. ಚೀಲದ ಬಾಯಿಯ ಕಡೆ ಕಪ್ಪು ಬೆಲ್ಲದಂಥ ಅಂಟು, ತಳದಲ್ಲಿ ಗಟ್ಟಿ ಹೆಂಟೆ. ಚಮಚ ಹಾಕಿ ಕೆರೆದರೆ ಚಮಚಕ್ಕೇ ಹತ್ತಿಕೊಳ್ಳುತ್ತಿತ್ತು. ಸ್ಪ್ರೇ ಡ್ರೈ ಪುಡಿಯಲ್ಲಿ ಅಲ್ಲಲ್ಲಿ ಸಣ್ಣ ಗಂಟುಗಳಿದ್ದವು, ಬೆರಳಿನಿಂದ ಒತ್ತಿದರೆ ಪುಡಿಯಾಗುತ್ತಿದ್ದವು. ಎರಡನ್ನೂ ಮತ್ತೆ ಪರೀಕ್ಷಿಸಿದಾಗ, ಆರಂಭದ ಅಂಕಿಗೆ ಹೋಲಿಸಿದರೆ ಸ್ಪ್ರೇ ಡ್ರೈ ಪುಡಿ ತನ್ನ ಸತ್ವದ ಬಹುಪಾಲನ್ನು ಉಳಿಸಿಕೊಂಡಿತ್ತು, ಫ್ರೀಜ್ ಡ್ರೈ ಪುಡಿ ಗಣನೀಯವಾಗಿ ಕಳೆದುಕೊಂಡಿತ್ತು.

ಇದರ ಕಾರಣ ತಿಳಿದುಕೊಳ್ಳತಕ್ಕದ್ದು. ಎಲೆಯ ಸತ್ವದಲ್ಲಿ ಪಾಲಿಫಿನಾಲ್‌ಗಳ ಜೊತೆಗೆ ಚಿಕ್ಕ ಅಣುಗಳ ಸಕ್ಕರೆಗಳೂ ಸಾವಯವ ಆಮ್ಲಗಳೂ ಇರುತ್ತವೆ. ಅವು ಒಣಗಿದಾಗ ಹರಳುಗಟ್ಟದೆ ಗಾಜಿನಂಥ ಸ್ಥಿತಿಯಲ್ಲಿರುತ್ತವೆ. ಗಾಳಿಯಿಂದ ಚೂರು ತೇವ ಹೀರಿದರೂ ಆ ಗಾಜು ಮೆತ್ತಗಾಗುವ ಉಷ್ಣತೆ ನಮ್ಮ ಕೋಣೆಯ ಉಷ್ಣತೆಗಿಂತ ಕೆಳಗಿಳಿದು, ಪುಡಿ ಅಂಟಾಗುತ್ತದೆ. ಅಂಟಾದೊಡನೆ ಅಣುಗಳಿಗೆ ಓಡಾಡಲು ಎಡೆ ಸಿಕ್ಕಿ ಆಮ್ಲಜನಕದ ಕೆಲಸ ಸುಲಭವಾಗುತ್ತದೆ. ಫ್ರೀಜ್ ಡ್ರೈ ಪುಡಿ ಮಂಜುಗಡ್ಡೆ ಬಿಟ್ಟುಹೋದ ತೂತುಗಳಿಂದ ತುಂಬಿರುವುದರಿಂದ ತೇವವೂ ಗಾಳಿಯೂ ಒಳಗೆ ನುಗ್ಗುವುದು ಇನ್ನೂ ಬೇಗ. ಮಾಲ್ಟೋಡೆಕ್ಸ್ಟ್ರಿನ್‌ನ ದೊಡ್ಡ ಅಣುಗಳು ಈ ಮೆತ್ತಗಾಗುವ ಉಷ್ಣತೆಯನ್ನು ಮೇಲೆತ್ತುತ್ತವೆ, ಸತ್ವದ ಸುತ್ತ ಗೋಡೆಯಂತೆ ನಿಂತು ಆಮ್ಲಜನಕವನ್ನು ದೂರವಿಡುತ್ತವೆ. ಹೀಗಾಗಿ ದುಬಾರಿ ದಾರಿಯಲ್ಲಿ ಮೃದುವಾಗಿ ಒಣಗಿಸಿದ್ದು ಬೀರುವಿನಲ್ಲಿ ಕೆಟ್ಟಿತು, ಬಿಸಿ ಗಾಳಿಯನ್ನು ಹಾದು ಬಂದದ್ದು ಉಳಿಯಿತು. ಫ್ರೀಜ್ ಡ್ರೈಯಿಂಗ್ ಕೆಟ್ಟ ವಿಧಾನವೇನಲ್ಲ. ಫ್ರಿಜ್ಜಿನಲ್ಲಿಟ್ಟು, ತೇವ ತಗಲದಂತೆ ಬಳಸುವ ಪ್ರಯೋಗಾಲಯಕ್ಕೆ ಅದೇ ಸರಿ. ಅದಕ್ಕೂ ಗೋಂದು ಅಥವಾ ಮಾಲ್ಟೋಡೆಕ್ಸ್ಟ್ರಿನ್ ಸ್ವಲ್ಪ ಬೆರೆಸಿಯೇ ಹೆಪ್ಪುಗಟ್ಟಿಸಬಹುದಿತ್ತು. ಆದರೆ ಜೂನ್‌ನಿಂದ ಅಕ್ಟೋಬರ್‌ವರೆಗೆ ಗೋಡೆಯೇ ಬೆವರುವ ನಮ್ಮ ಊರಿನ ಬಳಕೆಗೆ ಯಾವುದು ಹೊಂದುತ್ತದೆ ಎಂದು ಘಟಕದವರು ಮೊದಲೇ ಕೇಳಿ ಹೇಳಬೇಕಿತ್ತು. ಸಾಬೂನಿನ ವಿಷಯದಲ್ಲಿ ಅಷ್ಟು ನೇರವಾಗಿ ಮಾತನಾಡಿದವರು ಇಲ್ಲಿ ಪ್ರಚಾರ ಪತ್ರಿಕೆಯನ್ನು ಕೈಗಿಟ್ಟು ಸುಮ್ಮನಾದರು.

ಪ್ಯಾಕಿಂಗ್‌ ಬಗ್ಗೆಯೂ ಇದೇ ಬೇಸರ. ಚೀಲ ಒಳ್ಳೆಯದು: ಅಲ್ಯೂಮಿನಿಯಂ ಪದರವಿರುವ, ಬೆಳಕು ನುಸುಳದ ಚೀಲ, ಒಳಗೆ ಗಾಳಿಯ ಬದಲು ಸಾರಜನಕ, ಆಮ್ಲಜನಕ ಹೀರುವ ಸಣ್ಣ ಪೊಟ್ಟಣವೂ ಇತ್ತು. ಆದರೆ ಇಡೀ ಪುಡಿಯನ್ನು ಒಂದೇ ಚೀಲಕ್ಕೆ ತುಂಬಿದ್ದರು. ಮೊದಲ ಸಲ ಬಾಯಿ ಬಿಚ್ಚಿದ ಕ್ಷಣವೇ ಆ ಸಾರಜನಕ ಹೋಯಿತು, ಪೊಟ್ಟಣ ಬೇಗ ದಣಿಯಿತು. ಆಮೇಲೆ ತೆರೆದಾಗಲೆಲ್ಲ ಮಳೆಗಾಲದ ಗಾಳಿ ಒಳಗೆ. ಐವತ್ತು ಗ್ರಾಂನಂತೆ ಸಣ್ಣ ಚೀಲಗಳಲ್ಲಿ ಹಂಚಿ ಸೀಲ್ ಮಾಡಿದ್ದರೆ ನಷ್ಟದ ದೊಡ್ಡ ಪಾಲು ತಪ್ಪುತ್ತಿತ್ತು. ಕಬ್ಬಿಣದ ಡಬ್ಬಿಗೆ, ತುಕ್ಕು ಹಿಡಿದ ಚಮಚಕ್ಕೆ ಈ ಪುಡಿಯನ್ನು ತಗಲಿಸಬಾರದು ಎಂಬ ಎಚ್ಚರಿಕೆಯೂ ಚೀಲದ ಮೇಲಿರಬೇಕಿತ್ತು. ಕಬ್ಬಿಣದ ಅಯಾನುಗಳು ಪಾಲಿಫಿನಾಲ್‌ಗಳನ್ನು ಕಪ್ಪಾಗಿಸುವುದಲ್ಲದೆ ಉತ್ಕರ್ಷಣವನ್ನೂ ಚುರುಕುಗೊಳಿಸುತ್ತವೆ.

ವರದಿಯ ಬಗ್ಗೆ ಹೇಳಬೇಕಾದದ್ದು ಇನ್ನೂ ಇದೆ. ಪರೀಕ್ಷೆಯನ್ನು ಕಣ್ಣಾರೆ ನೋಡುವುದು ಸಂತೋಷದ ಅನುಭವ. ಉತ್ಕರ್ಷಣ ನಿರೋಧಕ ಶಕ್ತಿಯನ್ನು ಅಳೆಯಲು ಬಳಸುವ ಡಿಪಿಪಿಎಚ್ ಎಂಬ ದ್ರಾವಣ ಗಾಢ ನೇರಳೆ; ಅದಕ್ಕೆ ಸತ್ವದ ಕೆಲವು ಹನಿ ಹಾಕಿ ಕತ್ತಲಲ್ಲಿ ಅರ್ಧ ಗಂಟೆ ಇಟ್ಟು ತೆಗೆದರೆ ಪ್ರನಾಳಗಳ ಸಾಲಿನಲ್ಲಿ ನೇರಳೆ ಕ್ರಮೇಣ ತೆಳುವಾಗಿ, ಸತ್ವ ಹೆಚ್ಚಿರುವ ಕೊನೆಯ ಪ್ರನಾಳದಲ್ಲಿ ತಿಳಿ ಹಳದಿಯಾಗಿರುತ್ತದೆ. ಬಣ್ಣ ಎಷ್ಟು ಇಳಿಯಿತೆಂಬುದನ್ನು 517 ನ್ಯಾನೋಮೀಟರ್ ಬೆಳಕಿನಲ್ಲಿ ಅಳೆಯುತ್ತಾರೆ. ಒಟ್ಟು ಫಿನಾಲ್‌ಗಳಿಗೆ ಫೋಲಿನ್-ಸಿಯೋಕಾಲ್ಟ್ಯೂ ಪರೀಕ್ಷೆ. ಅಲ್ಲಿ ನೀಲಿ ಬಣ್ಣ ಏರುತ್ತದೆ, ಗ್ಯಾಲಿಕ್ ಆಮ್ಲಕ್ಕೆ ಸಮನಾಗಿ ಲೆಕ್ಕ ಬರೆಯುತ್ತಾರೆ. ಅಳೆಯುವ ಕೈ ಶುದ್ಧವಾಗಿದೆ, ಪ್ರತಿಯೊಂದನ್ನೂ ಮೂರು ಸಲ ಅಳೆದು ಸರಾಸರಿ ಕೊಟ್ಟಿದ್ದಾರೆ.

ತೊಡಕಿರುವುದು ಬರೆಯುವ ರೀತಿಯಲ್ಲಿ. ಮಿಲಿಗ್ರಾಂ ಪ್ರತಿ ಗ್ರಾಂಗೆ ಎಂದು ಬರೆದಿದ್ದಾರೆ, ಯಾವುದರ ಗ್ರಾಂ? ಒಣ ಎಲೆಯದೇ, ಶುದ್ಧ ಸತ್ವದ್ದೇ, ಮಾಲ್ಟೋಡೆಕ್ಸ್ಟ್ರಿನ್ ಬೆರೆತ ಪುಡಿಯದೇ? ಮೂರಕ್ಕೂ ಮೂರು ಬೇರೆ ಬೇರೆ ಅಂಕಿಗಳು ಬರುತ್ತವೆ, ಒಂದನ್ನು ಇನ್ನೊಂದರೊಡನೆ ಹೋಲಿಸಿದರೆ ಕೊಳ್ಳುವವರು ಮೋಸಹೋಗುತ್ತಾರೆ. ಮಾಲ್ಟೋಡೆಕ್ಸ್ಟ್ರಿನ್ ಎಷ್ಟು ಬೆರೆಸಲಾಗಿದೆ ಎಂಬುದು ವರದಿಯಲ್ಲೇ ಇರಲಿಲ್ಲ, ಫೋನ್ ಮಾಡಿ ಕೇಳಬೇಕಾಯಿತು. ಫೋಲಿನ್ ಪರೀಕ್ಷೆ ಫಿನಾಲ್‌ಗಳನ್ನು ಮಾತ್ರವಲ್ಲ, ವಿಟಮಿನ್ ಸಿಯನ್ನೂ ಕೆಲವು ಸಕ್ಕರೆಗಳನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳುತ್ತದೆ ಎಂಬ ಟಿಪ್ಪಣಿಯೂ ಇಲ್ಲ. ಎಲ್ಲಕ್ಕಿಂತ ನನಗೆ ಒಪ್ಪಿಗೆಯಾಗದ್ದು ಪ್ರಚಾರ ಪತ್ರಿಕೆಯ ಸಾಲುಗಳು: ಮುಪ್ಪು ತಡೆಯುತ್ತದೆ, ರೋಗ ತಡೆಯುತ್ತದೆ ಎಂಬ ಮಾತುಗಳು. ಪ್ರನಾಳದಲ್ಲಿ ನೇರಳೆ ಹಳದಿಯಾದದ್ದು ದೇಹದೊಳಗೆ ಏನಾಗುತ್ತದೆ ಎಂಬುದಕ್ಕೆ ಸಾಕ್ಷಿಯಲ್ಲ. ಅಮೆರಿಕದ ಕೃಷಿ ಇಲಾಖೆ, ಆಹಾರಗಳ ಉತ್ಕರ್ಷಣ ನಿರೋಧಕ ಶಕ್ತಿಯನ್ನು ಪ್ರಯೋಗಾಲಯದಲ್ಲಿ ಅಳೆದ ಒಆರ್‌ಎಸಿ ಅಂಕಿಗಳ ಪಟ್ಟಿಯನ್ನು 2012ರಲ್ಲಿ ತನ್ನ ಜಾಲತಾಣದಿಂದ ತೆಗೆದುಹಾಕಿದ್ದು ಇಂಥದೇ ಕಾರಣಕ್ಕೆ. ಆ ಅಂಕಿಗಳನ್ನು ಮಾರಾಟಗಾರರು ತಮಗೆ ಬೇಕಾದಂತೆ ಬಳಸುತ್ತಿದ್ದರು, ದೇಹದ ಆರೋಗ್ಯಕ್ಕೂ ಅವಕ್ಕೂ ಸಂಬಂಧ ತೋರಿಸುವ ಆಧಾರ ಇರಲಿಲ್ಲ. ಕ್ರೀಮಿನಲ್ಲಿರುವ ಎಣ್ಣೆ ಕಮಟಾಗುವುದನ್ನು ತಡೆಯುವುದು ಈ ಪುಡಿಯ ಪ್ರಾಮಾಣಿಕವಾದ ಕೆಲಸ. ಅಷ್ಟನ್ನೇ ಹೇಳಿದರೂ ಕೊಳ್ಳುವವರಿದ್ದಾರೆ. ಕ್ರೀಮು ತಯಾರಿಸುವವರು ಸ್ಪ್ರೇ ಡ್ರೈ ಪುಡಿಯ ಬಗ್ಗೆ ತೃಪ್ತರಾಗಿದ್ದಾರೆ. ಮಾರಾಟಕ್ಕೆ ಒಯ್ಯುವ ಮುನ್ನ ಚರ್ಮದ ಸುರಕ್ಷತೆಯ ಪರೀಕ್ಷೆಗಳೂ ಪರವಾನಗಿಯ ಕೆಲಸವೂ ಅವರಿಗೆ ಬಾಕಿ ಇವೆ.

ಶುಲ್ಕವನ್ನು ಒಣ ಎಲೆಯ ತೂಕ, ಬಳಕೆಯಾದ ಎಥನಾಲ್, ಡ್ರೈಯರ್ ಓಡಿದ ಗಂಟೆ ಎಂದು ಬಿಡಿಬಿಡಿಯಾಗಿ ಬರೆದು ಕೊಡುತ್ತಾರೆ, ಮರಳಿ ಹಿಡಿದ ಎಥನಾಲಿನ ಬೆಲೆಯನ್ನು ಕಳೆಯುತ್ತಾರೆ. ಲೆಕ್ಕದಲ್ಲಿ ಎಲ್ಲಿಯೂ ಮುಚ್ಚುಮರೆ ಕಾಣಲಿಲ್ಲ. ವರದಿ ಹೇಳಿದ ದಿನಕ್ಕಿಂತ ತಡವಾಗಿ ಬಂತು, ಫೋನಿಗೆ ಉತ್ತರ ಮಾತ್ರ ಯಾವಾಗಲೂ ಸೌಜನ್ಯದ್ದು.

ಕೆರೆ ಸಂಘಗಳವರು ಒಂದು ಲೆಕ್ಕವನ್ನು ಮಾತ್ರ ಸ್ಪಷ್ಟವಾಗಿ ಮುಂದಿಟ್ಟುಕೊಳ್ಳಬೇಕು. ಒಂದು ಟನ್ ಹಸಿ ಅಂತರಗಂಗೆ ಒಣಗಿದರೆ ಸುಮಾರು 50 ಕಿಲೋ. ಅದರಲ್ಲಿ ಬೇರು, ದಂಟು ಕಳೆದು ಎಲೆ ಒಂದು ಪಾಲು. ಆ ಎಲೆಯಿಂದ ಇಳಿಯುವ ಸತ್ವ ಕೆಲವೇ ಕಿಲೋ. ಎಕರೆಗಟ್ಟಲೆ ಹರಡಿರುವ ಕಳೆಯನ್ನು ಈ ದಾರಿಯಿಂದ ಖಾಲಿ ಮಾಡಬಹುದೆಂದು ಯಾರೂ ನಂಬಬಾರದು. ಗಿಡದ ಉಳಿದ ಭಾಗವನ್ನು ಲೋಹದ ಪರೀಕ್ಷೆಯ ನಂತರ ಗೊಬ್ಬರಕ್ಕೋ ಜೈವಿಕ ಅನಿಲಕ್ಕೋ ಬಳಸಬೇಕಾದೀತು, ಚರಂಡಿ ನೀರನ್ನು ಕೆರೆಗೆ ಬಾರದಂತೆ ತಡೆಯುವುದಂತೂ ಬೇಕೇ ಬೇಕು. ಪುಡಿಗೆ ಬೇಡಿಕೆ ಬಂತೆಂದು ಕಳೆಯನ್ನು ಕೆರೆಯಲ್ಲೇ ಉಳಿಸಿಕೊಳ್ಳುವ ಆಸೆ ಹುಟ್ಟಿದರೆ ಅದು ಕೆರೆಗೆ ಮಾಡುವ ದ್ರೋಹ. ಈ ಮಾತನ್ನು ನಮ್ಮ ಸಂಘದ ನಡಾವಳಿಯಲ್ಲೇ ಬರೆದಿಟ್ಟಿದ್ದೇವೆ.

ಹಾಗಿದ್ದರೂ ನಾವು ಇದೇ ಘಟಕಕ್ಕೆ ಮತ್ತೆ ಹೋಗಲಿದ್ದೇವೆ. ಸ್ಪ್ರೇ ಡ್ರೈಯಿಂಗ್ ಮಾತ್ರ ಸಾಕೆಂದೂ, ಪುಡಿಗೂ ಲೋಹದ ಪರೀಕ್ಷೆ ಆಗಬೇಕೆಂದೂ, ಮಾಲ್ಟೋಡೆಕ್ಸ್ಟ್ರಿನ್‌ನ ಪ್ರಮಾಣವನ್ನು ವರದಿಯಲ್ಲೇ ನಮೂದಿಸಬೇಕೆಂದೂ ಪತ್ರ ಬರೆದಿದ್ದೇವೆ. ಸಣ್ಣ ಚೀಲಗಳಿಗೆ ಅವರು ಒಪ್ಪಿದ್ದಾರೆ, ಪುಡಿಯ ಪರೀಕ್ಷೆಯ ಖರ್ಚು ಯಾರದೆಂಬುದು ಇನ್ನೂ ತೀರ್ಮಾನವಾಗಬೇಕು. ಪ್ರತಿ ಸರಕಿನಿಂದ ಒಂದು ಚೀಲವನ್ನು ತೆರೆಯದೆ ತಮ್ಮಲ್ಲೇ ಇಟ್ಟುಕೊಂಡು, ಆರು ತಿಂಗಳ ನಂತರ ಮರುಪರೀಕ್ಷೆ ಮಾಡಿ ಅಂಕಿ ಕಳಿಸುವಂತೆ ಕೇಳಿದ್ದೇವೆ. ಬೇರೆ ಘಟಕಗಳೊಡನೆ ವ್ಯವಹರಿಸುವವರೂ ಈ ಒಂದು ಷರತ್ತನ್ನು ಬಿಡದೆ ಹಾಕಬೇಕು.